ನಳಿಗೆಯೊಳಗಣ ತಿರುಪು

ನಮ್ಮ ಐನ್‌ಮನೆಯಲ್ಲಿ ಎರಡು ಹಳೆಯ ಕೋವಿಗಳಿವೆ. ಎರಡೂ ಬಾಯಿಯಿಂದ ಮದ್ದು ತುಂಬುವಂಥವು. ಕೇಪು ಇಟ್ಟು ಹಾರಿಸುವಂಥವು. ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಕೈಲ್ ಮುಹೂರ್ತದ ಹಬ್ಬ ಬಂದಾಗ ಅವನ್ನು ಗೋಡೆಯಿಂದ ಇಳಿಸಿ, ಎಣ್ಣೆ ಸವರಿ ಒರೆಸಿ, ದೀಪದ ಮುಂದೆ ಮಲಗಿಸಿ, ನಳಿಗೆಯ ಬಾಯಿಗೆ ತೋಕ್ ಪೂವನ್ನು ಸಿಕ್ಕಿಸುತ್ತೇವೆ. ಬೇರೆ ಕಡೆಯವರು ಅಗ್ನಿಶಿಖೆಯೆಂದು ಕರೆಯುವ ಕೆಂಪು ಹಳದಿಯ ಹೂವು ಅದು. ನಾಟಿಯ ಕೆಲಸ ಮುಗಿಯಿತು, ಇನ್ನು ಪೈರನ್ನು ಕಾಡುಪ್ರಾಣಿಗಳಿಂದ ಕಾಯಬೇಕು, ಆದಕಾರಣ ಆಯುಧಗಳನ್ನು ಪೂಜಿಸಿ ಕೈಗೆ ತೆಗೆದುಕೊಳ್ಳುವುದು ಎಂಬುದು ಹಬ್ಬದ ಹಳೆಯ ಅರ್ಥ. ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಕೊಡಗಿನವರಿಗೆ ದೊರೆತ ಆಯುಧದ ವಿನಾಯಿತಿ ಇಂದಿಗೂ ಉಳಿದಿದೆ. ಆದರೆ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ಬೇಟೆ ಉಳಿದಿಲ್ಲ. ಉಳಿಯಬೇಕೆಂದು ನಾನು ಬಯಸುವವನೂ ಅಲ್ಲ. ಕೋವಿಗಳು ಈಗ ಹೂವು ಮುಡಿಯುತ್ತವೆ, ತೆಂಗಿನಕಾಯಿಗೆ ಗುರಿಯಿಡುತ್ತವೆ, ಹುಟ್ಟು ಸಾವುಗಳಲ್ಲಿ ಗುಂಡು ಹಾರಿಸಿ ಊರಿಗೆ ಸುದ್ದಿ ಹೇಳುತ್ತವೆ.

ಎರಡರಲ್ಲಿ ಒಂದು ಕೋವಿ ಮಾತ್ರ ಅದನ್ನೂ ಮಾಡುವುದಿಲ್ಲ. ಅದು ೧೯೫೭ರಿಂದ ಮೌನವಾಗಿದೆ. ಅದರ ಮೌನದ ಕಾರಣವನ್ನು ತಿಳಿಯುವುದಕ್ಕೆ ನನಗೆ ಅರುವತ್ತು ವರ್ಷ ಹಿಡಿಯಿತು. ಆ ಕಥೆಯನ್ನೂ, ಅದರೊಡನೆ ನಾನು ಕಲಿತ ಸ್ವಲ್ಪ ಶಾಸ್ತ್ರವನ್ನೂ ವಾಚಕರ ಮುಂದಿಡುತ್ತೇನೆ.

ಅಜ್ಜನ ಹೊಸ ಕೋವಿ

೧೯೫೬ರಲ್ಲಿ ನಮ್ಮ ನೆರೆಯ ಕಾಫಿ ತೋಟದ ಆಂಗ್ಲ ಯಜಮಾನನೊಬ್ಬ ತೋಟವನ್ನು ಮಾರಿ ಸ್ವದೇಶಕ್ಕೆ ಹೊರಟ. ಹೊರಡುವಾಗ ಮನೆಯ ಸಾಮಾನುಗಳನ್ನೆಲ್ಲ ವಿಕ್ರಯಿಸಿದ. ಅಜ್ಜ ಅವನಿಂದ ಒಂದು ಕೋವಿಯನ್ನು ಕೊಂಡರು. ಆ ವೇಳೆಗಾಗಲೇ ತೊಂಬತ್ತು ವರ್ಷ ಹಳೆಯದಾಗಿದ್ದ ಒಂಟಿ ನಳಿಗೆಯ ಕೋವಿ; ಮೂವತ್ತು ಅಂಗುಲದ ನಳಿಗೆ, ಅಕ್ರೋಟು ಮರದ ಹಿಡಿ, ಬೀಗದ ತಗಡಿನ ಮೇಲೆ ಬಳ್ಳಿಯ ಕೆತ್ತನೆ. ಮನೆಯ ಹುಡುಗರಾದ ನಮಗೆ ಕೆತ್ತನೆಗಿಂತ ಹೆಚ್ಚಿನ ವಿಸ್ಮಯ ಒಳಗಿತ್ತು. ನಮ್ಮ ಹಳೆಯ ಕೋವಿಯ ನಳಿಗೆ ಒಳಗೆ ನುಣುಪು. ಇದರ ಒಳಗೆ ಗೀರುಗಳಿದ್ದವು, ಮತ್ತು ಆ ಗೀರುಗಳು ನೇರವಾಗಿರದೆ ಕಳ್ಳಿಹಾವಿನಂತೆ ಸುತ್ತಿಕೊಂಡು ಒಳಕ್ಕೆ ಹೋಗಿದ್ದವು. “ಇದು ರೈಫಲ್ಲು, ಗುಂಡನ್ನು ತಿರುಗಿಸಿ ಬಿಡುತ್ತದೆ” ಎಂದು ಅಜ್ಜ ಹೇಳಿದರು.

ಕೋವಿಯ ಜೊತೆಗೆ ಒಂದು ಎರಕದ ಅಚ್ಚೂ ಬಂದಿತ್ತು. ಅದರಲ್ಲಿ ಸೀಸ ಎರೆದರೆ ಹೆಬ್ಬೆರಳಿನ ತುದಿಯಂಥ ನೀಳ ಗುಂಡು ಬರುತ್ತಿತ್ತು. ಅಜ್ಜನಿಗೆ ಅದು ಒಪ್ಪಿಗೆಯಾಗಲಿಲ್ಲ. “ಗುಂಡಗಿರುವುದಕ್ಕೆ ಗುಂಡು ಎಂಬ ಹೆಸರು. ಇದು ಗುಂಡಲ್ಲ, ಗೂಟ” ಎಂದು ನಕ್ಕು, ಅಚ್ಚನ್ನು ಅಟ್ಟಕ್ಕೆ ಎಸೆದು, ಊರಿನ ಆಚಾರಿಯಿಂದ ಆ ನಳಿಗೆಯ ಅಳತೆಗೆ ಹೊಸ ಅಚ್ಚನ್ನು ಮಾಡಿಸಿದರು. ಅದರಿಂದ ಬಂದವು ದುಂಡನೆಯ ಗುಂಡುಗಳು. ಎಣ್ಣೆಯಲ್ಲಿ ನೆನೆಸಿದ ಬಟ್ಟೆಯ ತುಂಡಿನಲ್ಲಿ ಸುತ್ತಿ, ಗಜಕೋಲಿನಿಂದ ಅದುಮಿ ಕೂಡಿಸಿದರೆ ಬಿಗಿಯಾಗಿ ಕುಳಿತುಕೊಳ್ಳುತ್ತಿದ್ದವು. ಮುಂದಿನ ಹಬ್ಬದಲ್ಲಿ ಅಜ್ಜ ಆ ಕೋವಿಯಿಂದ ಮೂವತ್ತು ಹೆಜ್ಜೆ ದೂರದ ತೆಂಗಿನಕಾಯಿಗಳನ್ನು ಒಂದೂ ತಪ್ಪದಂತೆ ಒಡೆದರು. ಆಟಕ್ಕೆಂದು ಬಿದಿರಿನ ಅಳತೆಯಲ್ಲಿ ಅರ್ಧ ಮದ್ದನ್ನಷ್ಟೇ ಹಾಕಿದ್ದರು.

ಆ ವರ್ಷದ ಕಾರ್ತಿಕದಲ್ಲಿ ಗದ್ದೆ ಹಣ್ಣಾಗುತ್ತ ಬಂದಾಗ ಒಂದು ಒಂಟಿ ಹಂದಿ ರಾತ್ರಿಯೆಲ್ಲ ಪೈರಿನಲ್ಲಿ ಹೊರಳತೊಡಗಿತು. ಬೆಳುದಿಂಗಳ ರಾತ್ರಿಯೊಂದರಲ್ಲಿ ಅಜ್ಜ ಹೊಸ ಕೋವಿಯೊಡನೆ ಅಟ್ಟಣೆಯೇರಿದರು. ಜೊತೆಯಲ್ಲಿ ಇಪ್ಪತ್ತು ವರ್ಷಗಳಿಂದ ಅವರ ಬೇಟೆಯ ಸಂಗಾತಿಯಾಗಿದ್ದ ನಮ್ಮ ಮನೆಯ ಆಳು. ಹಂದಿಗೆ ಬಲವಾದ ಈಡು ಬೇಕು, ಅದು ಒಂದೇ ಏಟಿಗೆ ಉರುಳಬೇಕು, ನರಳಬಾರದು ಎಂದು ಅಜ್ಜ ಬಿದಿರಿನ ಅಳತೆಯನ್ನು ತುಂಬ ತುಂಬಿ, ಮೇಲೊಂದು ಚಿಟಿಕೆ ಸೇರಿಸಿದರಂತೆ. ಹಂದಿ ನಲವತ್ತು ಹೆಜ್ಜೆ ದೂರದಲ್ಲಿ, ಬದುವಿನ ಮೇಲೆ, ಪಕ್ಕ ತಿರುಗಿ ನಿಂತಿತ್ತು. ಅದಕ್ಕಿಂತ ಸುಲಭವಾದ ಗುರಿಯಿಲ್ಲ. ಅಜ್ಜ ಭುಜದ ಹಿಂದಕ್ಕೆ ಗುರಿಯಿಟ್ಟರು. ಗುಂಡು ಹಿಂದೊಡೆಗೆ ಬಡಿಯಿತು.

ಗಾಯಗೊಂಡ ಹಂದಿಯನ್ನು ಕಾಡಿನಲ್ಲಿ ಬಿಟ್ಟು ಬರುವುದು ನಮ್ಮಲ್ಲಿ ಅಧರ್ಮ. ಬೆಳಗಾಗುತ್ತಲೇ ಇಬ್ಬರೂ ನಾಯಿಗಳೊಡನೆ ರಕ್ತದ ಜಾಡು ಹಿಡಿದರು. ಲಂಟಾನದ ಮೆಳೆಯೊಂದರಿಂದ ಹಂದಿ ನುಗ್ಗಿ ಬಂದು ಮುಂದಿದ್ದ ಸಂಗಾತಿಯ ತೊಡೆಯನ್ನು ಮೊಣಕಾಲಿನವರೆಗೆ ಸೀಳಿತು. ಅಜ್ಜ ಹಳೆಯ ಕೋವಿಯಿಂದ ಐದು ಹೆಜ್ಜೆಯಲ್ಲಿ ಅದನ್ನು ಕೊಂದರು. ನಾನಾಗ ಹನ್ನೊಂದು ವರ್ಷದವನು. ಕಂಬಳಿಯಲ್ಲಿ ಹೊತ್ತು ತಂದವನ ಮುಖವನ್ನೂ, ಅಂಗಳದಲ್ಲಿ ಕುಳಿತು ಕೈಗಳನ್ನು ನೋಡಿಕೊಳ್ಳುತ್ತಿದ್ದ ಅಜ್ಜನನ್ನೂ ನಾನು ಮರೆತಿಲ್ಲ. ಆತ ಬದುಕಿದ, ಆದರೆ ಆ ಕಾಲು ಮತ್ತೆ ನೆಟ್ಟಗಾಗಲಿಲ್ಲ.

ಹಾಸಿಗೆಯಲ್ಲಿದ್ದವನೇ ಅಜ್ಜನಿಗೆ ಸಮಾಧಾನ ಹೇಳಿದ: “ನಿಮ್ಮ ಕೈ ತಪ್ಪಲಿಲ್ಲ ಒಡೆಯಾ, ಆ ಕೋವಿ ತಪ್ಪಿತು.” ಅಜ್ಜ ತಲೆಯಾಡಿಸಿದರು: “ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನ್ನ ಕೈ ನಡುಗಿತು. ನನಗೆ ವಯಸ್ಸಾಯಿತು.” ಹಂದಿಯ ತೊಡೆಯ ಮಾಂಸದಿಂದ ತೆಗೆದ ಗುಂಡನ್ನು ಅವರು ಎಲೆಯಡಿಕೆಯ ಪೆಟ್ಟಿಗೆಯಲ್ಲಿಟ್ಟುಕೊಂಡರು. ಅನಂತರ ಹನ್ನೆರಡು ವರ್ಷ ಬದುಕಿದ್ದರೂ ಯಾವ ಕೋವಿಯನ್ನೂ ಎತ್ತಲಿಲ್ಲ. ಹಬ್ಬದ ತೆಂಗಿನಕಾಯಿಗೂ ಎತ್ತಲಿಲ್ಲ.

ಲ್ಯಾಂಕಾಸ್ಟರಿನ ಮುದುಕ

೨೦೧೪ರಲ್ಲಿ ನಾನು ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳ ಮನೆಯಿದ್ದದ್ದು ಲ್ಯಾಂಕಾಸ್ಟರ್ ಸೀಮೆಯಲ್ಲಿ. ನೆರೆಮನೆಯ ಎಪ್ಪತ್ತು ವರ್ಷದ ಮುದುಕ ಬಡಗಿ. ಚಳಿಗಾಲದಲ್ಲಿ ಚಕಮಕಿ ಕಲ್ಲಿನ ಕೋವಿಗಳನ್ನು ಕೈಯಾರೆ ಮಾಡುವ ಹವ್ಯಾಸಿ. ಅಲ್ಲಿ ೧೯೭೪ರಿಂದ ಜಿಂಕೆಯ ಬೇಟೆಗೆ ಕ್ರಿಸ್‌ಮಸ್ ಕಳೆದ ಮೇಲೆ ಒಂದು ವಿಶೇಷ ಅವಧಿಯನ್ನು ಏರ್ಪಡಿಸಿದ್ದಾರೆ. ಆ ದಿನಗಳಲ್ಲಿ ಚಕಮಕಿಯ ಕೋವಿಗೆ ಮಾತ್ರ ಅನುಮತಿ. ಮೊದಮೊದಲು ಬಟ್ಟೆ ಸುತ್ತಿದ ದುಂಡು ಗುಂಡೊಂದನ್ನೇ ಬಳಸಬೇಕೆಂಬ ನಿಯಮವೂ ಇತ್ತಂತೆ. ಒಂದು ಗುಂಡು ತಪ್ಪಿದರೆ ಮತ್ತೊಂದನ್ನು ತುಂಬಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಆದಕಾರಣ ಅಂಥ ಬೇಟೆಗಾರನಿಗೆ ಗುಂಡಿನ ಆಯ್ಕೆಯೇ ಅರ್ಧ ಬೇಟೆ.

ನಾನು ಬಾಯಿಯಿಂದ ತುಂಬುವ ಕೋವಿಗಳ ನಾಡಿನಿಂದ ಬಂದವನೆಂದು ತಿಳಿದಾಗ ಆತ ಬಂಧುವನ್ನು ಕಂಡಂತೆ ಸಂತೋಷಪಟ್ಟ. ನಾನು ಅಜ್ಜನ ಕಥೆಯನ್ನು ಹೇಳಿದೆ. ಆತ ಕೇಳಿದ ಮೊದಲ ಪ್ರಶ್ನೆ ನನ್ನನ್ನು ಬೆರಗುಗೊಳಿಸಿತು. ಅಜ್ಜನ ವಯಸ್ಸನ್ನಾಗಲಿ, ಬೆಳಕನ್ನಾಗಲಿ, ದೂರವನ್ನಾಗಲಿ ಆತ ಕೇಳಲಿಲ್ಲ. “ಆ ನಳಿಗೆಯ ತಿರುಪು ಎಷ್ಟು?” ಎಂದ.

ನನಗೆ ತಿಳಿದಿರಲಿಲ್ಲ. ಅಜ್ಜನಿಗೂ ತಿಳಿದಿರಲಿಲ್ಲ.

ಮರುದಿನ ಆತ ನನ್ನನ್ನು ಗುರಿ ಹೊಡೆಯುವ ಬಯಲಿಗೆ ಕರೆದುಕೊಂಡು ಹೋದ. ಅವನಲ್ಲಿ ಎರಡು ಕೋವಿಗಳಿದ್ದವು. ಎರಡರ ರಂಧ್ರವೂ ಅರ್ಧ ಅಂಗುಲ. ಒಂದರ ಗೀರುಗಳು ೬೬ ಅಂಗುಲಕ್ಕೆ ಒಂದು ಸುತ್ತು ಬರುವಂತೆ ನಿಧಾನವಾಗಿ ತಿರುಗಿದ್ದವು. ಇನ್ನೊಂದರವು ೨೮ ಅಂಗುಲಕ್ಕೇ ಒಂದು ಸುತ್ತು. ಮೊದಲನೆಯದರಲ್ಲಿ ೯೦ ಗ್ರೇನ್ ಮದ್ದು ಹಾಕಿ ದುಂಡು ಗುಂಡುಗಳನ್ನು ೫೦ ಗಜ ದೂರದ ಕಾಗದಕ್ಕೆ ಹೊಡೆದ. ಐದು ಗುಂಡುಗಳೂ ಅಂಗೈಯಗಲದಲ್ಲಿ ಬಿದ್ದವು. ಅದೇ ಗುಂಡು, ಅದೇ ಬಟ್ಟೆ, ಅದೇ ಮದ್ದನ್ನು ಎರಡನೆಯದಕ್ಕೆ ತುಂಬಿ ಹೊಡೆದ. ಐದರಲ್ಲಿ ಎರಡು ಗುಂಡುಗಳು ಕಾಗದವನ್ನೇ ತಪ್ಪಿದವು. ಮಿಕ್ಕವು ದಿಕ್ಕಿಗೊಂದಾಗಿ ಚದುರಿದವು. ಬಳಿಕ ಮದ್ದನ್ನು ೪೫ ಗ್ರೇನಿಗೆ ಇಳಿಸಿದ. ಗುಂಡುಗಳು ಮತ್ತೆ ಒಟ್ಟುಗೂಡಿದವು. ಕೊನೆಗೆ ನೀಳವಾದ ಸೀಸದ ಗುಂಡೊಂದನ್ನು ನಿಧಾನ ತಿರುಪಿನ ಕೋವಿಯಿಂದ ಹೊಡೆದ. ಕಾಗದದಲ್ಲಿ ದುಂಡು ತೂತಿನ ಬದಲು ಬೀಗದ ಕಂಡಿಯಂತೆ ಉದ್ದನೆಯ ತೂತು ಬಿದ್ದಿತ್ತು. ಗುಂಡು ಗಾಳಿಯಲ್ಲಿ ಪಲ್ಟಿ ಹೊಡೆದು ಅಡ್ಡಲಾಗಿ ಹೋಗಿತ್ತು.

ಆ ಬಯಲಿನ ಚಳಿಯಲ್ಲಿ ನನ್ನ ಮೈ ಬಿಸಿಯಾಯಿತು. ಅರ್ಧ ಅಳತೆಗೆ ಒಡೆದ ತೆಂಗಿನಕಾಯಿಗಳು, ತುಂಬಿದ ಅಳತೆಗೆ ತಪ್ಪಿದ ಹಂದಿ, ಎರಡೂ ಒಮ್ಮೆಗೇ ನೆನಪಾದವು.

ಬುಗುರಿಯ ನ್ಯಾಯ

ಗುಂಡಿಗೆ ತಿರುಪು ಏಕೆ ಬೇಕು? ನುಣುಪು ನಳಿಗೆಯಿಂದ ಹೊರಟ ದುಂಡು ಗುಂಡು ಎತ್ತಲೋ ವಾಲಿ ಹೋಗುವುದನ್ನು ಬೇಟೆಗಾರರೂ ಸಿಪಾಯಿಗಳೂ ಹಿಂದಿನಿಂದ ಬಲ್ಲರು. ಕಾರಣವನ್ನು ಶಾಸ್ತ್ರೀಯವಾಗಿ ಹುಡುಕಿದವರಲ್ಲಿ ಮೊದಲಿಗನು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ೧೭೪೨ರಲ್ಲಿ ಫಿರಂಗಿ ವಿದ್ಯೆಯ ಹೊಸ ತತ್ತ್ವಗಳನ್ನು ಕುರಿತು ಗ್ರಂಥ ಬರೆದವನು ಈತ. ನಳಿಗೆಯ ಒಂದು ಪಕ್ಕಕ್ಕೆ ಉಜ್ಜಿಕೊಂಡು ಹೊರಡುವ ಗುಂಡು ತನ್ನಷ್ಟಕ್ಕೆ ಯಾವುದೋ ಅಕ್ಷದ ಮೇಲೆ ಸುತ್ತತೊಡಗುತ್ತದೆ. ಆ ಅಡ್ಡಾದಿಡ್ಡಿ ಸುತ್ತು ಗಾಳಿಯೊಡನೆ ಸೇರಿ ಗುಂಡನ್ನು ಬದಿಗೆ ತಳ್ಳುತ್ತದೆ ಎಂದು ಅವನು ಕಂಡುಕೊಂಡ. ಇದನ್ನು ತೋರಿಸಲು ಒಂದು ನಳಿಗೆಯ ತುದಿಯನ್ನೇ ಎಡಕ್ಕೆ ಬಗ್ಗಿಸಿ ಹಾರಿಸಿದ. ಎಡಕ್ಕೆ ಹೊರಟ ಗುಂಡು ಮುಂದೆ ಸಾಗುತ್ತ ಬಲಕ್ಕೆ ಬಾಗಿತು! ಗುಂಡು ಹೇಗೂ ಸುತ್ತುವುದಾದರೆ ನಾವು ಗೊತ್ತುಮಾಡಿದ ಅಕ್ಷದ ಮೇಲೆ, ಹೋಗುವ ದಿಕ್ಕಿನ ಸುತ್ತಲೇ ಸುತ್ತಲಿ ಎಂಬುದು ಗೀರು ಕೊರೆದ ನಳಿಗೆಯ ಮರ್ಮ. ಈ ರಾಬಿನ್ಸ್ ಕೊನೆಗೆ ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಸುಧಾರಿಸಲು ನಮ್ಮ ದೇಶಕ್ಕೇ ಬಂದು, ೧೭೫೧ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಆದರೆ ಎಷ್ಟು ಸುತ್ತು ಬೇಕು ಎಂಬಲ್ಲಿ ದುಂಡು ಗುಂಡಿಗೂ ನೀಳ ಗುಂಡಿಗೂ ದಾರಿ ಬೇರೆಯಾಗುತ್ತದೆ. ದುಂಡು ಗುಂಡಿಗೆ ಹಿಂದು ಮುಂದು ಎಂಬುದಿಲ್ಲ; ಅದು ಗಾಳಿಯಲ್ಲಿ ಪಲ್ಟಿ ಹೊಡೆಯುವ ಮಾತೇ ಇಲ್ಲ. ಅದರ ಮೈಯ ಓರೆಕೋರೆಗಳು ಒಂದೇ ಪಕ್ಕಕ್ಕೆ ಎಳೆಯದಂತೆ ಮೆಲ್ಲನೆ ತಿರುಗಿಸಿದರೆ ಸಾಕು. ನೀಳ ಗುಂಡು ಹಾಗಲ್ಲ. ಎದುರುಗಾಳಿ ಅದರ ಮೂಗನ್ನು ಹಿಡಿದು ಮಗುಚಲು ನೋಡುತ್ತದೆ. ಬುಗುರಿ ಬಿರುಸಾಗಿ ಸುತ್ತುವಷ್ಟು ಹೊತ್ತು ನೆಟ್ಟಗೆ ನಿಂತು, ವೇಗ ಕುಗ್ಗಿದೊಡನೆ ವಾಲಿ ಬೀಳುವುದನ್ನು ನಾವೆಲ್ಲ ಆಡಿ ಬಲ್ಲೆವು. ನೀಳ ಗುಂಡಿಗೂ ಇದೇ ನ್ಯಾಯ. ಉದ್ದ ಹೆಚ್ಚಿದಷ್ಟೂ ಸುತ್ತು ಹೆಚ್ಚಬೇಕು.

ವುಲಿಚ್ಚಿನ ಸೈನಿಕ ವಿದ್ಯಾಲಯದ ಗಣಿತಾಚಾರ್ಯ ಆಲ್ಫ್ರೆಡ್ ಗ್ರೀನ್‌ಹಿಲ್ ೧೮೭೯ರಲ್ಲಿ ಇದಕ್ಕೆ ಒಂದು ಸೂತ್ರವನ್ನು ಕೊಟ್ಟ. ಸೀಸದ ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ೧೫೦ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿದರೆ ಎಷ್ಟು ಅಂಗುಲಕ್ಕೆ ಒಂದು ಸುತ್ತು ಬೇಕೆಂಬುದು ದೊರೆಯುತ್ತದೆ. ಅರ್ಧ ಅಂಗುಲ ವ್ಯಾಸ, ಒಂದು ಅಂಗುಲ ಉದ್ದದ ಗುಂಡಿಗೆ ಮೂವತ್ತೇಳೂವರೆ ಅಂಗುಲಕ್ಕೊಂದು ಸುತ್ತು. ಸೂತ್ರ ಹುಟ್ಟಿದ್ದು ನೀಳ ಗುಂಡುಗಳಿಗಾಗಿ. ಆದರೂ ಅರ್ಧ ಅಂಗುಲದ ದುಂಡು ಗುಂಡಿಗೆ ಅನ್ವಯಿಸಿದರೆ ೭೫ ಅಂಗುಲ ಎಂದು ಬರುತ್ತದೆ. ಲ್ಯಾಂಕಾಸ್ಟರಿನ ಮುದುಕನ ೬೬ ಅಂಗುಲ ಅದರ ಹತ್ತಿರವೇ ಇದೆ.

ಹಾಗಾದರೆ ತಿರುಪು ಹೆಚ್ಚಾದರೆ ದುಂಡು ಗುಂಡಿಗೆ ನಷ್ಟವೇನು? ಇಲ್ಲಿಯೇ ಅಜ್ಜನ ಸಂಕಟ ಅಡಗಿದೆ. ದುಂಡು ಗುಂಡು ನಳಿಗೆಯ ಗೀರನ್ನು ಹಿಡಿಯುವುದು ನಡುವಿನ ಕಿರಿದಾದ ಪಟ್ಟಿಯೊಂದರಲ್ಲಿ, ಅದೂ ತೆಳ್ಳನೆಯ ಬಟ್ಟೆಯ ಮೂಲಕ. ಸೆಕೆಂಡಿಗೆ ೧,೬೦೦ ಅಡಿ ವೇಗದಲ್ಲಿ, ಮೂರು ಅಡಿಗೊಂದು ಸುತ್ತಿನ ನಳಿಗೆಯಿಂದ ಹೊರಡುವ ಗುಂಡು ಸೆಕೆಂಡಿಗೆ ೫೩೩ ಸುತ್ತು ಸುತ್ತಬೇಕು. ಆ ಸುತ್ತನ್ನು ಅದು ಗಳಿಸಬೇಕಾದದ್ದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಅಂಶಗಳ ಅವಧಿಯಲ್ಲಿ. ಮದ್ದು ಕಡಿಮೆಯಿದ್ದರೆ ಬಟ್ಟೆ ಹಿಡಿದು ನಿಲ್ಲುತ್ತದೆ. ಮದ್ದು ಹೆಚ್ಚಿದರೆ ಮೆತ್ತನೆಯ ಸೀಸ ಗೀರನ್ನು ಅನುಸರಿಸಲಾರದೆ, ಮರೆ ಸವೆದ ತಿರುಪಿನಂತೆ ಜಾರಿ, ಗೀರುಗಳನ್ನು ಹಾರಿ ನೇರವಾಗಿ ಕಿತ್ತು ಹೊರಡುತ್ತದೆ. ಹೀಗೆ ಜಾರಿದ ಗುಂಡು ನುಣುಪು ನಳಿಗೆಯ ಗುಂಡಿಗಿಂತಲೂ ಕೆಟ್ಟದ್ದು. ಅದು ಎಲ್ಲಿ ಹೋದೀತೆಂದು ಯಾರೂ ಹೇಳಲಾರರು.

ಫಾರ್ಸಿತ್ ಕಪ್ತಾನನ ವಾದ

ಊರಿಗೆ ಮರಳುವ ಮೊದಲು ಮಗಳು ನನಗೊಂದು ಹಳೆಯ ಪುಸ್ತಕದ ಪ್ರತಿಯನ್ನು ತರಿಸಿಕೊಟ್ಟಳು. ಬರೆದವನು ಬಂಗಾಳ ಸೈನ್ಯದ ಕಪ್ತಾನ ಜೇಮ್ಸ್ ಫಾರ್ಸಿತ್; ಮಧ್ಯಪ್ರಾಂತದ ಕಾಡುಗಳಲ್ಲಿ ಕೆಲಸಮಾಡಿದವನು, ಪಚ್‌ಮಡಿಯಲ್ಲಿ ೧೮೬೨ರಲ್ಲಿ ಬೈಸನ್ ಲಾಜ್ ಎಂಬ ಮನೆಯನ್ನು ಕಟ್ಟಿದವನು. ಬೇಟೆಯ ರೈಫಲ್ಲು ಮತ್ತು ಅದರ ಗುಂಡುಗಳನ್ನು ಕುರಿತ ಅವನ ಪುಸ್ತಕ ೧೮೬೩ರಲ್ಲಿ ಹೊರಬಂತು. ಮಧ್ಯಭಾರತದ ಮಲೆನಾಡುಗಳನ್ನು ವರ್ಣಿಸುವ ಅವನ ಹೆಸರುವಾಸಿಯಾದ ಗ್ರಂಥ ೧೮೭೧ರಲ್ಲಿ ಅಚ್ಚಾಗುವ ವೇಳೆಗೆ ಅವನು ತೀರಿಕೊಂಡಿದ್ದ.

ಫಾರ್ಸಿತನ ಕಾಲದಲ್ಲಿ ಸೈನ್ಯದ ಕೋವಿಗಳೆಲ್ಲ ನೀಳ ಗುಂಡಿಗೆ ತಿರುಗಿದ್ದವು. ಫ್ರಾನ್ಸಿನ ಮಿನ್ಯೇ ಎಂಬವನು ೧೮೪೯ರಲ್ಲಿ ತಳ ಟೊಳ್ಳಾದ ಗುಂಡನ್ನು ರೂಪಿಸಿದ್ದ. ಸಡಿಲವಾಗಿ ಒಳಗಿಳಿದು, ಮದ್ದು ಸಿಡಿದೊಡನೆ ತಳ ಅರಳಿ ಗೀರನ್ನು ಹಿಡಿಯುವ ಗುಂಡು. ೧೮೫೩ರ ಎನ್‌ಫೀಲ್ಡ್ ಕೋವಿ ಇದೇ ತತ್ತ್ವದ್ದು. ೭೮ ಅಂಗುಲಕ್ಕೊಂದು ಸುತ್ತು. ಆ ಗುಂಡಿನ ತೋಟೆಯ ಕಾಗದಕ್ಕೆ ಬಳಿದ ಕೊಬ್ಬು ೧೮೫೭ರಲ್ಲಿ ಹೊತ್ತಿಸಿದ ಕಿಚ್ಚನ್ನು ಬಲ್ಲದವರಿಲ್ಲ. ಇತ್ತ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ ಷಟ್ಕೋನದ ರಂಧ್ರ ಕೊರೆದು, ೨೦ ಅಂಗುಲಕ್ಕೊಂದು ಸುತ್ತು ಕೊಟ್ಟು, ತೆಳ್ಳನೆಯ ಉದ್ದ ಗುಂಡನ್ನು ಎನ್‌ಫೀಲ್ಡಿಗಿಂತ ಎಷ್ಟೋ ದೂರ ನಿಖರವಾಗಿ ಎಸೆದ. ದೂರದ ಗುರಿಯ ಈ ವ್ಯಾಮೋಹ ಬೇಟೆಯ ಕೋವಿಗಳಿಗೂ ಹಬ್ಬಿ, ಬಿರುಸು ತಿರುಪಿನ ನಳಿಗೆಗಳು ಅಂಗಡಿಗಳನ್ನು ತುಂಬಿದವು.

ಫಾರ್ಸಿತ್ ಈ ಪ್ರವಾಹಕ್ಕೆ ಎದುರಾಗಿ ಈಜಿದ. ಅವನ ವಾದದ ಸಾರ ಇಷ್ಟು: ನಮ್ಮ ಕಾಡುಗಳಲ್ಲಿ ಹುಲಿ, ಕಾಟಿಗಳಿಗೆ ಗುಂಡು ಹಾರುವುದು ನೂರು ಗಜದ ಒಳಗೆ. ಅಷ್ಟರಲ್ಲಿ ಬೇಟೆಗಾರನಿಗೆ ಬೇಕಾದುದು ದೂರದ ನಿಖರತೆಯಲ್ಲ. ದೂರದ ಅಂದಾಜು ತಪ್ಪಿದರೂ ಗುಂಡು ಮೇಲೆ ಕೆಳಗೆ ಹೋಗದಂಥ ನೇರವಾದ ಹಾರಾಟ, ಮತ್ತು ಬಡಿದೊಡನೆ ಉರುಳಿಸುವ ಪೆಟ್ಟು. ಹಗುರವಾದ ದುಂಡು ಗುಂಡಿಗೆ ಮದ್ದನ್ನು ಧಾರಾಳವಾಗಿ ಹಾಕಿದರೆ ಎರಡೂ ದೊರೆಯುತ್ತವೆ. ಆದರೆ ಧಾರಾಳ ಮದ್ದನ್ನು ಬಿರುಸು ತಿರುಪು ತಾಳದು. ಆದ್ದರಿಂದ ದೊಡ್ಡ ರಂಧ್ರ, ಆಳವಲ್ಲದ ಅಗಲ ಗೀರು, ಎಂಟು ಅಡಿಗೂ ಮಿಕ್ಕಿ ಒಂದೇ ಸುತ್ತು! ಅಷ್ಟು ನಿಧಾನ ತಿರುಪಿನ ನಳಿಗೆಯಲ್ಲಿ ಗುಂಡು ಪೂರ್ತಿ ಒಂದು ಸುತ್ತು ಸುತ್ತುವ ಮುಂಚೆಯೇ, ಸುಮಾರು ಕಾಲು ಸುತ್ತಿಗೇ, ಹೊರಬಿದ್ದಿರುತ್ತದೆ. ಆದರೂ ಅಷ್ಟು ಸಾಕು.

ದುಂಡು ಗುಂಡಿನ ದೋಷವನ್ನೂ ಮುಚ್ಚಿಡಬಾರದು. ಅದು ಗಾಳಿಗೆ ಬೇಗ ಸೋಲುತ್ತದೆ. ಅರ್ಧ ಅಂಗುಲದ ಗುಂಡಿನ ತೂಕ ಸುಮಾರು ೧೭೭ ಗ್ರೇನ್. ಸೆಕೆಂಡಿಗೆ ೧,೭೦೦ ಅಡಿಯಲ್ಲಿ ಹೊರಟರೂ ನೂರು ಗಜ ಮುಟ್ಟುವಷ್ಟರಲ್ಲಿ ಸುಮಾರು ೧,೦೦೦ ಅಡಿಗೆ ಇಳಿದಿರುತ್ತದೆ. ಅದರ ಬಲವನ್ನು ಹೆಚ್ಚಿಸಲು ಉದ್ದವನ್ನು ಹೆಚ್ಚಿಸುವಂತಿಲ್ಲ, ರಂಧ್ರವನ್ನೇ ಹಿಗ್ಗಿಸಬೇಕು. ವ್ಯಾಸ ಇಮ್ಮಡಿಯಾದರೆ ತೂಕ ಎಂಟು ಮಡಿ. ನೀಳ ಗುಂಡಾದರೋ ಅದೇ ರಂಧ್ರದಲ್ಲಿ ಇಮ್ಮಡಿ ತೂಗಬಹುದು, ಆಳವಾಗಿ ನಾಟುತ್ತದೆ, ವೇಗವನ್ನು ಉಳಿಸಿಕೊಳ್ಳುತ್ತದೆ. ಆದರೆ ಭುಜಕ್ಕೆ ಒದೆತ ಹೆಚ್ಚು, ಹಾರಾಟ ಬಾಗಿದ್ದು. ಬಟ್ಟೆಯ ಹಿಡಿತವಿಲ್ಲದ್ದರಿಂದ ಕೋವಿಯ ಬಾಯಿ ಕೆಳಗಾದರೆ ಮದ್ದಿನಿಂದ ಸರಿದು ಮುಂದಕ್ಕೆ ಜಾರುವ ಭಯವೂ ಉಂಟು. ಹಾಗೆ ನಡುವೆ ತೆರಪು ಬಿದ್ದ ನಳಿಗೆ ಒಡೆದು ಹಾರಿಸಿದವನನ್ನೇ ಗಾಯಗೊಳಿಸಬಹುದು. ಅಮೆರಿಕದ ಸೇಂಟ್ ಲೂಯಿಸಿನ ಹಾಕನ್ ಸಹೋದರರ ಕೋವಿಗಳಿಂದ ಪ್ರಸಿದ್ಧವಾದ ೪೮ ಅಂಗುಲದ ತಿರುಪು ಇಂದು ಎರಡು ಬಗೆಯ ಗುಂಡಿಗೂ ನಡುವಣ ರಾಜಿಯಾಗಿ ಬಳಕೆಯಲ್ಲಿದೆ. ಪ್ಲಾಸ್ಟಿಕ್ಕಿನ ಕವಚ ತೊಡಿಸಿದ ಇಂದಿನ ಗುಂಡುಗಳಿಗೆ ೨೮ ಅಂಗುಲದ ಬಿರುಸು ತಿರುಪೇ ವಾಡಿಕೆ. ಯಾವುದೂ ತನ್ನಷ್ಟಕ್ಕೆ ಒಳ್ಳೆಯದಲ್ಲ, ಕೆಟ್ಟದ್ದೂ ಅಲ್ಲ. ನಳಿಗೆ, ಗುಂಡು, ಮದ್ದು ಈ ಮೂರಕ್ಕೂ ಕೂಡಾವಳಿಯಾಗಬೇಕು. ಆಗಿದೆಯೇ ಎಂಬುದನ್ನು ಪ್ರಾಣಿಯ ಮೈಮೇಲಲ್ಲ, ಕಾಗದದ ಮೇಲೆ ನೋಡಿಕೊಳ್ಳಬೇಕು. ಅದೂ ಬೇಟೆಗೆ ಹಾಕುವ ಮದ್ದನ್ನೇ ಹಾಕಿ ನೋಡಬೇಕು.

ಗಜಕೋಲಿನ ಸಾಕ್ಷಿ

ಊರಿಗೆ ಬಂದ ಮೂರನೆಯ ದಿನ ಕೋವಿಯನ್ನು ಗೋಡೆಯಿಂದ ಇಳಿಸಿದೆ. ಅದು ಬರಿದಾಗಿದೆಯೆಂದು ಎರಡು ಬಾರಿ ಗಜಕೋಲು ಇಳಿಸಿ ಖಚಿತಪಡಿಸಿಕೊಂಡೆ. ಮುದುಕ ಹೇಳಿಕೊಟ್ಟಂತೆ ಗಜಕೋಲಿನ ತುದಿಗೆ ಎಣ್ಣೆಬಟ್ಟೆಯನ್ನು ಬಿಗಿಯಾಗಿ ಸುತ್ತಿ, ತಳದವರೆಗೆ ತಳ್ಳಿ, ಮೇಲ್ತುದಿಯಲ್ಲಿ ಸೀಮೆಸುಣ್ಣದ ಗೆರೆಯೆಳೆದು, ಕೋಲನ್ನು ತಾನಾಗಿ ತಿರುಗಲು ಬಿಟ್ಟು ಮೆಲ್ಲನೆ ಹೊರಗೆಳೆದೆ. ಮೂವತ್ತು ಅಂಗುಲ ಬರುವಷ್ಟರಲ್ಲಿ ಗೆರೆ ಒಂದು ಸುತ್ತಿಗೆ ಆರನೆಯ ಒಂದಂಶ ಮಾತ್ರ ಕಡಿಮೆ ತಿರುಗಿತ್ತು. ಅಂದರೆ ೩೬ ಅಂಗುಲಕ್ಕೆ ಒಂದು ಸುತ್ತು. ಫಾರ್ಸಿತ್ ದೂರಿದ ಬಿರುಸು ತಿರುಪು.

ಅಟ್ಟದಲ್ಲಿ ಎರಡು ದಿನ ಹುಡುಕಿದೆ. ಮೂರನೆಯ ದಿನ ಹಿತ್ತಾಳೆಯ ಹಳೆಯ ಪಾತ್ರೆಗಳ ನಡುವೆ ಆಂಗ್ಲನ ಅಚ್ಚು ಸಿಕ್ಕಿತು. ಮೇಣ ಎರೆದು ತೆಗೆದು ಅಳೆದೆ. ವ್ಯಾಸ ೦.೫೭ ಅಂಗುಲ, ಉದ್ದ ಒಂದೂಕಾಲು ಅಂಗುಲಕ್ಕಿಂತ ಕೊಂಚ ಹೆಚ್ಚು. ಗ್ರೀನ್‌ಹಿಲ್ಲನ ಸೂತ್ರಕ್ಕೆ ಹಾಕಿದರೆ ಮೂವತ್ತೇಳು ಅಂಗುಲದ ಆಸುಪಾಸಿನಲ್ಲಿ ಬಂತು. ಕೋವಿ ಮಾಡಿದವನು ಲೆಕ್ಕ ಬಲ್ಲವನು. ಆ ನಳಿಗೆ ಆ ‘ಗೂಟ’ಕ್ಕೆಂದೇ ಹುಟ್ಟಿತ್ತು.

ಕೊನೆಗೆ ಎಲೆಯಡಿಕೆಯ ಪೆಟ್ಟಿಗೆಯನ್ನು ತೆರೆದೆ. ಮಾಂಸಕ್ಕೆ ಮಾತ್ರ ಬಡಿದಿದ್ದ ಗುಂಡು ಹೆಚ್ಚು ಚಪ್ಪಟೆಯಾಗಿರಲಿಲ್ಲ. ಸರಿಯಾಗಿ ಹಿಡಿದ ಗುಂಡಿನ ನಡುವಿನಲ್ಲಿ ಗೀರುಗಳ ಓರೆ ಗುರುತು, ಅದರೊಳಗೆ ಬಟ್ಟೆಯ ನೂಲಿನ ಅಚ್ಚು ಕಾಣಬೇಕು. ಇದರ ನಡುವಿನಲ್ಲಿ ಸುತ್ತಲೂ ತೀಡಿದಂತೆ ಒರಸಿಹೋದ ಒಂದು ಪಟ್ಟಿ. ಒಂದು ಗೀರಿನ ಗುರುತೂ ಇರಲಿಲ್ಲ. ಗುಂಡು ಜಾರಿತ್ತು. ಅಜ್ಜನ ಕೈ ನಡುಗಿರಲಿಲ್ಲ.

ಅಂದು ಸಂಜೆ ನನಗಾದ ಸಂತೋಷವನ್ನು ಬಣ್ಣಿಸಲಾರೆ. ಸತ್ತವರ ಮೇಲಿನ ಆರೋಪವೊಂದನ್ನು ತೊಡೆದುಹಾಕಿದೆನೆಂಬ ಹೆಮ್ಮೆಯಲ್ಲಿ, ಅಜ್ಜನ ಸಂಗಾತಿಯ ಮಗನನ್ನು ಕಾಣಲು ಹೋದೆ. ಅವರು ನನ್ನ ವಯಸ್ಸಿನವರು. ಅವರ ತಂದೆ ಕುಂಟುತ್ತಲೇ ಬದುಕಿ ೧೯೮೧ರಲ್ಲಿ ತೀರಿಕೊಂಡರು. ಕೋವಿ, ಅಚ್ಚು, ಗುಂಡು, ಸೂತ್ರ ಎಲ್ಲವನ್ನೂ ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿ, ಬಹಳ ಹೊತ್ತು ಸುಮ್ಮನಿದ್ದು ಹೇಳಿದರು:

“ಅಪ್ಪನಿಗೆ ಈ ಲೆಕ್ಕ ಗೊತ್ತಿರಲಿಲ್ಲ. ಆದರೆ ಆ ರಾತ್ರಿ ಅಟ್ಟಣೆಯ ಮೇಲೆ ಅವನು ಒಂದು ಮಾತು ಹೇಳಿದ್ದನಂತೆ. ‘ತೆಂಗಿನಕಾಯಿಗೆ ಹಾಕಿದಷ್ಟೇ ಮದ್ದು ಸಾಕು ಒಡೆಯಾ, ಇದು ಅಷ್ಟನ್ನು ಉಂಡು ಅಭ್ಯಾಸವಾದ ಕೋವಿ.’ ನಿಮ್ಮ ಅಜ್ಜ ಗದರಿಸಿದರಂತೆ. ಅಪ್ಪ ಅದನ್ನು ಅವರ ಮುಂದೆ ಮತ್ತೆ ಎತ್ತಲಿಲ್ಲ. ನಮಗೂ ಅವರು ತೀರಿಕೊಂಡ ಮೇಲೆಯೇ ಹೇಳಿದ್ದು.”

ನನ್ನ ಹೆಮ್ಮೆ ಅಲ್ಲಿಗೆ ಇಳಿಯಿತು. ಅಜ್ಜ ಹನ್ನೆರಡು ವರ್ಷ 'ಕೈ ನಡುಗಿತು' ಎಂದದ್ದು ಬರಿಯ ಅಜ್ಞಾನದಿಂದಲೇ, ಅಥವಾ ಗದರಿಸಿದ ಆ ಮಾತು ನೆನಪಿದ್ದುದರಿಂದಲೇ? ಈಗ ಅದನ್ನು ಯಾವ ಗಜಕೋಲೂ ಅಳೆಯಲಾರದು. ಅವರದು ಕ್ರೌರ್ಯವಾಗಿರಲಿಲ್ಲ, ಪ್ರಾಣಿ ನರಳದಿರಲೆಂದೇ ಹೆಚ್ಚಿನ ಮದ್ದು ಹಾಕಿದ್ದರು. ಆದರೆ ತಾನು ಹಿಡಿದ ಉಪಕರಣದ ಸ್ವಭಾವವನ್ನು ಕೇಳದೆ ತೋರಿದ ಕರುಣೆ ಒಂದು ಪ್ರಾಣಿಯನ್ನು ರಾತ್ರಿಯೆಲ್ಲ ನರಳಿಸಿತು, ಸರಿಯಾಗಿ ಹೇಳಿದವನ ಕಾಲನ್ನೇ ಮುರಿಯಿತು. ನೆಲ ಡೊಂಕಾಗಿರಲಿಲ್ಲ, ಕುಣಿಯುವವರಿಗೆ ಬಾರದೆಯೂ ಇರಲಿಲ್ಲ. ಅದು ಬೇರೆ ಕುಣಿತಕ್ಕೆ ಹಾಕಿದ ನೆಲವಾಗಿತ್ತು. ಅದನ್ನು ಕಂಡು ಹೇಳಿದವನೊಬ್ಬ ಪಕ್ಕದಲ್ಲಿಯೇ ಇದ್ದ.

ಕಳೆದ ಕೆಲವು ವರ್ಷಗಳಿಂದ ಹಬ್ಬದ ದಿನ ಅವರ ಮನೆಯವರನ್ನೂ ನಮ್ಮ ಐನ್‌ಮನೆಗೆ ಕರೆಯುತ್ತೇನೆ. ಆ ಕೋವಿಗೆ ತೋಕ್ ಪೂವನ್ನು ಸಿಕ್ಕಿಸುವವರು ಈಗ ಅವರೇ. ಅದರ ಪಕ್ಕದಲ್ಲಿ ಆಂಗ್ಲನ ಅಚ್ಚನ್ನೂ, ಗೀರು ಹಿಡಿಯದ ಆ ಗುಂಡನ್ನೂ ಇಡುತ್ತೇವೆ. ಮಕ್ಕಳು ಏಕೆಂದು ಕೇಳಿದರೆ, ಗಜಕೋಲಿಗೆ ಬಟ್ಟೆ ಸುತ್ತಿ, ಸೀಮೆಸುಣ್ಣದ ಗೆರೆಯೆಳೆದು, ಅದು ತಿರುಗುವುದನ್ನು ತೋರಿಸುತ್ತೇನೆ.